ಮೂರನೆಯ ಸಲ ಕರೆಯದವನು

ಮುಸ್ಸಂಜೆಯ ನಮಾಜು ಮುಗಿಯುವಷ್ಟರಲ್ಲಿ ಮಳೆ ಜೋರಾಯಿತು. ಗರಿಯ ಮಾಡಿನಿಂದ ಹನಿ ಬೀಳತೊಡಗಿದ್ದೇ ನಾವೆಲ್ಲ ಚಾಪೆ ಎಳೆದುಕೊಂಡು ಅಜ್ಜಿ ಬೀಬಿ ಮೀಜೆಯ ಸುತ್ತ ಒತ್ತಿ ಕೂತೆವು. ಹಮಾದಿ ಶುಂಠಿ ಕಾಫಿ ಹೀರುತ್ತ, "ಬೀಬಿ, ಆ ಬಿಳಿಯರ ರಾಣಿಯ ಹಡಗಿನ ಕತೆ ಹೇಳು. ನಾನಂತೂ ಹೆದರಲ್ಲ" ಎಂದ.

"ಮೊನ್ನೆ ಹಿತ್ತಲಿಗೆ ಹೋಗೋಕೆ ಅಮ್ಮನ್ನ ಎಬ್ಬಿಸಿದೋನು ಯಾರಪ್ಪ?" ಎಂದಳು ಬೀಬಿ.

ಎಲ್ಲರೂ ನಕ್ಕರು. ಬೀಬಿ ನಗಲಿಲ್ಲ.

"ಹೆದರಿಸೋಕೆ ಹೇಳಲ್ಲ ಕಣೋ, ಹೊಟ್ಟೆ ಉರಿಯುತ್ತೆ, ಅದಕ್ಕೆ ಹೇಳ್ತೀನಿ. ಬಿಳೀ ಹಡಗು... ಎರಡು ಹೊಗೆಕೊಳವೆ, ಎರಡೂ ಮಗ್ಗುಲಿಗೆ ಫಿರಂಗಿ. ಬದುಕಿಡೀ ಏನು ಮಾಡ್ತು ಅದು? ಒಂದು ರೇವಲ್ಲಿ ಸುಲ್ತಾನನ್ನ ಬೆದರಿಸೋದು, ಇನ್ನೊಂದರಲ್ಲಿ ಬಡವರ ಹಾಯಿದೋಣಿ ತಡೆಯೋದು, ಯಾರಾದರೂ ತಲೆ ಎತ್ತಿದರೆ ಆ ಊರನ್ನೇ ಸುಡೋದು. ಅದರ ಹೊಟ್ಟೆಗೆ ಕಲ್ಲಿದ್ದಲು ತುಂಬೋರು ಯಾರು? ಬಿಳಿಯರಿಗೆ ಆ ಸೆಕೆ ಆಗದು, ನಮ್ಮ ಹುಡುಗರನ್ನೇ ಇಳಿಸೋರು. ನನ್ನಜ್ಜಿಯ ಅಣ್ಣ ಕೊಂಬೋನೂ ಇಳಿದ.

ಆ ವರ್ಷ ನಮ್ಮೂರೋರು ಸುಂಕದೋರ ಧ್ವಜಗಂಬ ಕಡಿದುಹಾಕಿದ್ರು. ಹಡಗು ಬಂತು. ನಡುಹಗಲೊಳಗೆ ಊರು ಬಿಡಿ ಅಂತ ಆಳು ಕಳಿಸಿದ್ರು. ಎಲ್ಲರೂ ಉಪ್ಪುನೀರಿನ ಕಾಂಡ್ಲಾ ಕಾಡಿಗೆ ಓಡಿದ್ರು. ಕೊಂಬೋನ ತಾಯಿ ಓಡಲಿಲ್ಲ. 'ಹುಚ್ಚು ಮುಂಡೇವಾ, ಅದು ನನ್ನ ಮಗ ಇರೋ ಹಡಗು! ಅದು ನನ್ನ ಮೇಲೆ ಗುಂಡು ಹಾರಿಸುತ್ತಾ?' ಅಂತ ನಕ್ಕು, ಮಗನಿಗೆ ತೆಂಗಿನ ಹಾಲಲ್ಲಿ ಮೀನು ಬೇಯಿಸೋಕೆ ಕೂತಳು.

ಕೊಂಬೋಗೇನು ಗೊತ್ತು? ಕೆಳಗೆ, ಆ ಬೆಂಕಿ ಬಾಯಲ್ಲಿ, ಕಡಲೂ ಕಾಣದು, ಊರೂ ಕಾಣದು. ಮೇಲೆ ಫಿರಂಗಿ ಗುಡುಗ್ತಾ ಇದ್ರೆ ಸಲಿಕೆ ಎತ್ತಿ ಎತ್ತಿ ಹಾಕ್ತಿದ್ದ. ಗಾಳಿಗೆ ಅಂತ ಮೇಲೆ ಬಂದಾಗ ಕಂಡಿದ್ದು... ತನ್ನೂರ ಮಸೀದಿ, ತಾನು ಹತ್ತಿದ ಮಾವಿನ ಮರ, ಹೊಗೆ. ನೀರಿಗೆ ಹಾರಿದ. ಬೆನ್ನಿಗೆ ಗುಂಡು ಬಿತ್ತು. ಆದರೂ ಈಜಿ ಬಂದ.

ಮನೆಗೆ ಗೋಡೆ ಇಲ್ಲ, ಮಾಡು ಇಲ್ಲ, ಕೆತ್ತನೆಯ ಬಾಗಿಲ ಚೌಕಟ್ಟೊಂದೇ ನಿಂತಿತ್ತು. ಸುತ್ತ ಬಯಲು, ಎಲ್ಲಿಂದಾದರೂ ನುಗ್ಗಬಹುದಿತ್ತು. ನುಗ್ಗಿದನಾ? ನಮ್ಮ ಹುಡುಗ ಕಣ್ರೋ ಅವನು! ಊರು ಸುಟ್ಟೋರು ಕೇಳಿ ಬಂದ್ರಾ? ಇವನು ಕೇಳಿದ. ಚೌಕಟ್ಟಿಗೆ ಕೈಯೂರಿ 'ಹೋದಿ, ಒಳಗೆ ಬರಲಾ' ಅಂದ. 'ಕರೀಬು, ಬಾ ಮಗನೇ' ಅನ್ನೋಳಿಲ್ಲ. ಇನ್ನೊಮ್ಮೆ 'ಹೋದಿ'... ಮೂರನೇ ಸಲ ಕರೀಲಿಲ್ಲ. ಮೂರನೇ ಸಲಕ್ಕೂ ಓಗೊಡದಿದ್ರೆ ತಿರುಗಿ ಹೋಗಬೇಕಲ್ವಾ ನಾವು? ಎಲ್ಲಿಗೆ ಹೋಗ್ತಾನೆ... ಆ ಹಡಗಿಗಾ? ಅಲ್ಲೇ ನಿಂತು ಸತ್ತ. ಕೈ ಚೌಕಟ್ಟಿನ ಮೇಲೇ ಇತ್ತಂತೆ.

ಕಪ್ತಾನನಿಗೆ ಪದಕ ಸಿಕ್ತು. ಹಡಗು ಮುದಿಯಾಗಿ ಗುಜರಿಗೆ ಹೋಯ್ತು. ಇವನು ಮಾತ್ರ ಮಳೆ ಬಂದಾಗೆಲ್ಲ ಬಂದು ಎರಡು ಸಲ ಕರೀತಾನೆ, ಮೂರನೇದು ಕರೆಯಲ್ಲ. ನನ್ನಜ್ಜಿ ಅದೆಷ್ಟು ಸಲ 'ಕರೀಬು' ಅಂದಳೋ... ಅವನಿಗೆ ಬೇಕಾದ ದನಿ ಅದಲ್ಲ. ಕುರಾನ್ ಓದಿಸಿ ಓಡಿಸು ಅಂತಾರೆ ಜನ. ಓಡಿಸ್ತೀನಾ? ಅವನ ಮನೆ ಕಣ್ರೋ ಇದು!"

ಹಮಾದಿಯ ಲೋಟ ಚಾಪೆಯ ಮೇಲೆ ಮೆಲ್ಲಗೆ ಕೂತಿತು. "ಆ ಚೌಕಟ್ಟು... ಈಗೆಲ್ಲಿದೆ ಬೀಬಿ?"

ಬೀಬಿ ನನ್ನ ಕಡೆ ತಿರುಗಿದಳು.

"ಮಾತಾಡದ ಮಗಳೇ, ಒಳಗೆ ಬರುವಾಗ ಕಾಲು ಒರೆಸೋಕೆ ಬಾಗಿಲ ಚೌಕಟ್ಟು ಹಿಡ್ಕೊಂಡೆಯಲ್ಲ... ಈ ಊರಲ್ಲಿ ಯಾರ ಒಲೇಲೂ ಕಲ್ಲಿದ್ದಲು ಉರಿದಿಲ್ಲ. ಅಂಗೈಗೆ ಹತ್ತಿದ ಮಸಿ ನೋಡ್ಕೋ."