ಗಂಗಾಧರಯ್ಯನ ಬೂಟು

ದೀಪ ಸಣ್ಣ ಮಾಡಿ, ಹೇಳ್ತೀನಿ. ಕಟ್ಟಿದ ಕತೆ ಅಲ್ಲ. ನಮ್ಮ ದೊಡ್ಡಮ್ಮನ ಮಗ ಮಾಯಣ್ಣನಿಗೆ ಎಂಬತ್ನಾಲ್ಕರಲ್ಲಿ ಆದದ್ದು. ಊರಿನ ಹೆಸರು ಬೇಡ. ತಿಪಟೂರಿನಿಂದ ಬಸ್ಸಲ್ಲಿ ಅರ್ಧ ಗಂಟೆ.

ಅವತ್ತು ರಾತ್ರಿ ಉಂಡು, ಹಾಳುಬಾವಿ ಬಳಸಿಕೊಂಡು ಮಾಯಣ್ಣ ಕಾಯಿ ಕಾವಲಿಗೆ ಹೊರಟಿದ್ದ. ಬಾವಿ ಆಚೆಗೇ ಒಳಾಂಗಣ ಕ್ರೀಡಾಂಗಣ... ಹೆಸರೇನೋ ದೊಡ್ಡದು. ಡ್ರಿಲ್ ಮೇಷ್ಟ್ರು ವೆಂಕಟಯ್ಯ ಹನ್ನೆರಡು ವರ್ಷ ಅರ್ಜಿ ಹಿಡಿದು ಅಲೆದು ಕಟ್ಟಿಸಿದ್ದು. ಉದ್ಘಾಟನೆ ದಿನ ಫೋಟೋಗೆ ಅಂತ ಹತ್ತು ನಿಮಿಷ ಷಟಲ್ ಆಡಿದರು. ಆಮೇಲೆ ಅಲ್ಲಿ ಮದುವೆ ಆಯ್ತು, ಬೀಗರೂಟ ಆಯ್ತು, ಸಂತಾನಹರಣ ಶಿಬಿರವೂ ಆಯ್ತು. ಆಟ ಮಾತ್ರ ಇಲ್ಲ. ಕೊನೆಗೆ ಸಮಿತಿ ಅಧ್ಯಕ್ಷ ಗಂಗಾಧರಯ್ಯ, ತನ್ನ ಮನೆ ಅಟ್ಟ ಸಾಲದು ಅಂತ, ಕೊಬ್ಬರಿಗೆ ಬಿಟ್ಟ ಕಾಯನ್ನೆಲ್ಲ ತಂದು ಅಲ್ಲೇ ಸುರಿದ. ಅವು ವರ್ಷ ಬಿದ್ದಿರಬೇಕು, ನೀರು ಬತ್ತಿ ಒಳಗೆ ಕೊಬ್ಬರಿ ಬಿಟ್ಟುಕೊಂಡು ಅಲ್ಲಾಡಿಸಿದರೆ ಸದ್ದಾಗಬೇಕು.

ಅಂಕಣಕ್ಕೆ ಯಾರೂ ಮೆಟ್ಟು ಹಾಕ್ಕೊಂಡು ಹೋಗಬಾರದು, ಗೋಡೆಗೆ ಮೂತಿ ಮಾಡಿ ಜೋಡಿಸಿಡಬೇಕು. ಇದು ಮೇಷ್ಟ್ರ ಕಾನೂನು. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಊರೂರು ಸುತ್ತಿದ ನನಗೂ ಅದು ಮರೆತಿಲ್ಲ. ಅವರು ದಿನಾ ಸಂಜೆ ಕೊರಳಲ್ಲಿ ಸೀಟಿ ಹಾಕ್ಕೊಂಡು ಬಂದು ಬಾಗಿಲಲ್ಲಿ ನಿಲ್ಲೋರು. ಗಂಗಾಧರಯ್ಯ ಬೂಟುಗಾಲಲ್ಲಿ ಬಿಳಿಗೆರೆ ತುಳೀತಾ, "ಕಾಯಿ ಒಣಗ್ಲಿ ಮೇಷ್ಟ್ರೇ" ಅನ್ನೋನು.

ಕಾಯಿ ಒಣಗೋ ಮುಂಚೆ ಮೇಷ್ಟ್ರು ಹೋದರು. ಮಣ್ಣಿಗೂ ಬರಲಿಲ್ಲ ಆ ಗಂಗಾಧರಯ್ಯ.

ಅವತ್ತು ರಾತ್ರಿ ಮಾಯಣ್ಣ ಬಾವಿ ಹತ್ತಿರ ನಿಂತ. ಕಟ್ಟಡದ ಒಳಗಿಂದ ಸದ್ದು. ಲೊಟಕ್... ಮತ್ತೆ ಏನಿಲ್ಲ... ಲೊಟಕ್. ಯಾವನೋ ಕಳ್ಳ ಕಾಯಿ ಕಿವಿ ಹತ್ತಿರ ಅಲ್ಲಾಡಿಸಿ ಒಣಗಿದ್ದನ್ನ ಆರಿಸ್ತಿದ್ದಾನೆ ಅಂದುಕೊಂಡ. ತೆಂಗಿನ ಸೀಮೆಯವನು ಇನ್ನೇನು ಅಂದುಕೊಂಡಾನು? ಹೋಗಿ ನೋಡಿದರೆ, ಬೀಗ ಹಾಕಿದ ಹಾಗೇ ಇತ್ತು.

ಬೆಳಿಗ್ಗೆ ಹೇಳಿದರೆ ಗಂಗಾಧರಯ್ಯ ನಕ್ಕ.

"ಕಾಯಿ ಸಾಗಿಸ್ತಿರೋನು ನೀನೇ ಕಣ್ಲಾ. ಇವತ್ತು ನಾನೂ ಬತ್ತೀನಿ. ಸದ್ದು ಕೇಳ್ಲಿಲ್ವೋ, ನಾಳೆಯಿಂದ ನಿಂಗೆ ಕೆಲಸ ಇಲ್ಲ."

ಆ ಕೆಲಸ ನೋಡಿಯೇ ಶೆಟ್ಟಿಕೆರೆಯವರು ಮಾಯಣ್ಣನಿಗೆ ಹೆಣ್ಣು ಕೊಡೋಕೆ ಒಪ್ಪಿದ್ದರು.

ರಾತ್ರಿ ಇಬ್ಬರೂ ಬಾಗಿಲ ಹೊರಗೆ ಕೂತರು. ಹನ್ನೊಂದಾಯ್ತು... ಹನ್ನೆರಡಾಯ್ತು.

"ಎಲ್ಲಲಾ ನಿನ್ನ ಕಳ್ಳ?"

"ತಡೀರಿ, ಯಜಮಾನ್ರೇ."

ಲೊಟಕ್... ಈ ತುದಿಯಲ್ಲಿ. ಲೊಟಕ್... ಆ ತುದಿಯಲ್ಲಿ.

ಮಾಯಣ್ಣ ಪಿಸುಗುಟ್ಟಿದ. "ಕಳ್ಳ ಆದ್ರೆ ಒಂದ್ಕಡೆ ನಿಂತಿರ್ತಾನೆ. ಇದು... ಎಸೆದು ಹಿಡೀತಿರೋ ಸದ್ದು."

"ಬಾಯಿ ಮುಚ್ಚು."

ಗಂಗಾಧರಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಕಾಯಿ ಮೇಲಿನ ಆಸೆ ಬಿಡಬೇಕಲ್ಲ. ಬೀಗ ತೆಗೆದು, ಬ್ಯಾಟ್ರಿ ಹಿಡಿದು ಬೂಟುಗಾಲಲ್ಲೇ ಒಳಗೆ ನುಗ್ಗಿದ.

ಪೀ... ಅಂತ ಸೀಟಿ. ಒಂದೇ ಸಲ.

ಬ್ಯಾಟ್ರಿ ಆರಿತು. ಗಂಗಾಧರಯ್ಯ ಮಾಯಣ್ಣನ್ನ ಗುದ್ದಿಕೊಂಡೇ ಆಚೆ ಬಂದು, ಬಾವಿ ದಾಟಿ, ಬೀದಿ ಉದ್ದಕ್ಕೂ ಓಡಿದ. ಬರಿಗಾಲಲ್ಲಿ. ಪಂಚೆ ಎಲ್ಲಿ ಜಾರಿತು ಅಂತಲೂ ಗೊತ್ತಾಗಲಿಲ್ಲ ದೊಡ್ಡ ಮನುಷ್ಯನಿಗೆ.

ಮಾಯಣ್ಣನ ಕೆಲಸ ಉಳೀತು, ಮದುವೆಯೂ ಆಯ್ತು. ವಾರದೊಳಗೆ ಕಾಯಿ ಎಲ್ಲ ಖಾಲಿ ಮಾಡಿಸಿದರು. ಆಟ ಶುರುವಾಯ್ತು ಅಂದುಕೊಂಡ್ರಾ? ಅಮ್ಮಸಂದ್ರದಿಂದ ಸಿಮೆಂಟ್ ಮೂಟೆ ತಂದು ಪೇರಿಸಿದರು.

ಬೂಟು ನಾನು ಬಿಚ್ಚಲೇ ಇಲ್ಲ ಅಂತ ಗಂಗಾಧರಯ್ಯ ಸಾಯೋತನಕ ಆಣೆ ಇಡ್ತಿದ್ದ. ಅವನ ಮಾತು ನಂಬೋ ಜಾತಿಯದಲ್ಲ, ಬುಡಿ. ಆದರೆ ಮಾರನೇ ದಿನ ಬೆಳಿಗ್ಗೆ ಮಾಯಣ್ಣನ ಜೊತೆ ನಾನೇ ಒಳಗೆ ಹೋಗಿದ್ದೆ. ಬೂಟು ಗೋಡೆಗೆ ಮೂತಿ ಮಾಡಿಕೊಂಡು ಜೋಡಿಯಾಗಿ ಕೂತಿದ್ದವು.

ಲೇಸಿನ ಗಂಟು ಹಾಕಿದ ಹಾಗೇ ಇತ್ತು. ಎರಡರದ್ದೂ. ಮುಟ್ಟಿ ನೋಡಿದ್ದೀನಿ.