ಎಡಗಡೆಯ ಸೀಟು

ಮಕ್ಕಳು ಮಲಗಿದರಾ, ಒಂದು ಸಲ ನೋಡಿ ಬನ್ನಿ. ಬರುವಾಗ ಆ ಬಾಗಿಲನ್ನೂ ಸ್ವಲ್ಪ ಮುಂದಕ್ಕೆ ಎಳೆಯಿರಿ. ಇದು ಎಲ್ಲೋ ಯಾರಿಗೋ ಆಗಿದ್ದಲ್ಲ, ನಮ್ಮ ಚಿಕ್ಕಮ್ಮನ ಮಗಳಿಗೇ ಆಗಿದ್ದು. ನಾವೆಲ್ಲ ಅವಳನ್ನು ಗುಂಡಕ್ಕ ಅಂತ ಕರೆಯುತ್ತೇವೆ. ಹುಟ್ಟಿದಾಗ ಗುಂಡಗಿದ್ದಳಂತೆ. ಈಗ ಬಾಗಿಲ ಸಂದಿಯಿಂದ ಒಳಗೆ ತೂರಿಸಬಹುದು, ಅಷ್ಟು ಸಪೂರ. ಇದನ್ನು ಸುಮ್ಮನೆ ಹೇಳುತ್ತಿಲ್ಲ, ನೆನಪಿಟ್ಟುಕೊಳ್ಳಿ.

ಅವತ್ತು ಪೂರ್ತಿ ಕತ್ತಲಾಗಿತ್ತು. ಗುಂಡಕ್ಕ ಒಬ್ಬಳೇ ನಡೆದುಕೊಂಡು ಮನೆಗೆ ಬರುತ್ತಿದ್ದಳು. ಕೈಯಲ್ಲಿ ಬ್ಯಾಗಿಲ್ಲ. ಫೋನಿಲ್ಲ. ಗಂಡನಿಗೆ ಸ್ವಂತ ಆಟೋ ಇರುವ ಹೆಂಗಸು... ಊರಾಚೆಯಿಂದ ಕಾಲೆಳೆದುಕೊಂಡು ಬರುತ್ತಿದ್ದಾಳೆ. ಅವರ ಬೀದಿಯ ತಿರುವಿನಲ್ಲಿ ಒಂದು ಹಾಳು ಬಾವಿ ಇದೆ. ಯಾರೂ ಬೀಳದಿರಲಿ ಅಂತ ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅದರ ಪಕ್ಕಕ್ಕೆ ಬಂದಾಗ ಕೇಳಿಸಿತು.

ಟಿಣ್.

ನಿಂತಳು. ಹನಿ ಬಿದ್ದ ಸದ್ದಲ್ಲ. ಕಲ್ಲು ತಗುಲಿದ ಸದ್ದೂ ಅಲ್ಲ, ಅದು ಠಣ್ ಅನ್ನುತ್ತದೆ. ಇದು ಉಂಗುರದ ಬೆರಳಿನಿಂದ ಕಬ್ಬಿಣವನ್ನು ತಟ್ಟಿದ ಸದ್ದು. ಆ ಸದ್ದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಸಲ ತಟ್ಟಿದರೆ ‘ನಿಧಾನ’ ಅಂತ ಅರ್ಥ.

ಗುಂಡಕ್ಕ ನಿಧಾನ ಮಾಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಓಡಿದಳು.

ಯಾಕೆ ಹಾಗೆ ಒಬ್ಬಳೇ ಬರುತ್ತಿದ್ದಳು ಅನ್ನುವುದಕ್ಕೆ ಬೆಳಗಿನಿಂದ ಹೇಳಬೇಕು. ಬೆಳಗಿನಿಂದ ಸಾಲದು, ಮದುವೆಯಿಂದಲೇ ಹೇಳಬೇಕು.

ಅವಳ ಗಂಡ, ನಮ್ಮ ಭಾವ, ಆಟೋದಲ್ಲಿ ಊರು ತೋರಿಸುತ್ತಾರೆ. ಬೆಳಿಗ್ಗೆ ಲಾಡ್ಜಿನ ಬಾಗಿಲಲ್ಲಿ ಇಬ್ಬರನ್ನು ಹತ್ತಿಸಿಕೊಂಡರೆ ಹಳೇ ಕೋಟೆ ಗೋಡೆ, ಮ್ಯೂಸಿಯಂ, ಕೆರೆ ಏರಿ; ಊಟವಾದ ಮೇಲೆ ಗಡಿಯಾರದ ಗೋಪುರ, ಹೂವಿನ ಮಾರ್ಕೆಟ್ಟು; ಹೊತ್ತು ಮುಳುಗುವಾಗ ಸೇತುವೆ. ಭಾವ ಓಡಿಸುವುದು, ಹೆಂಡತಿ ಹಿಂದಿನ ಸೀಟಿನಲ್ಲಿ ಗೆಸ್ಟುಗಳ ಜೊತೆ ಕೂತು ವಿವರಿಸುವುದು. ಇಂಜಿನ್ನಿನ ಗಡಗಡದಲ್ಲಿ ಕೂಗಿದರೆ ಗಂಟಲು ಹೋಗುತ್ತದಲ್ಲ, ಅದಕ್ಕೆ ಡ್ರೈವರ್ ಬೆನ್ನ ಹಿಂದಿನ ಅಡ್ಡ ಕಂಬಿಯನ್ನು ಉಂಗುರದಿಂದ ತಟ್ಟುವುದು. ಒಂದು ಸಲ ತಟ್ಟಿದರೆ ನಿಧಾನ. ಎರಡು ಸಲ, ನಿಲ್ಲಿಸು. ಮೂರು ಸಲ, ಎಲ್ಲರೂ ಹತ್ತಿದ್ದಾರೆ, ಹೊರಡು. ಭಾವ ತಿರುಗಿ ನೋಡುವವರಲ್ಲ, ಗೆಸ್ಟುಗಳು ಇಳಿದರೂ ತಮ್ಮ ಸೀಟು ಬಿಟ್ಟು ಏಳುವವರಲ್ಲ. ಕನ್ನಡಿಯನ್ನೂ ಹೊರಕ್ಕೇ ತಿರುಗಿಸಿಟ್ಟಿರುತ್ತಾರೆ. ಹಿಂದೆ ಕೂತ ಹೆಂಗಸರಿಗೆ ಮುಜುಗರ ಆಗಬಾರದು ಅಂತ.

ಮದುವೆಯಾದ ಹೊಸತರಲ್ಲಿ ಅವರು ಒಂದು ಸ್ಟೀಲಿನ ಉಂಗುರ ತಂದುಕೊಟ್ಟಾಗ ಗುಂಡಕ್ಕ ನಾಚಿ ನೀರಾಗಿದ್ದಳು. “ತಟ್ಟೋಕೆ ಬೇಕಾಗುತ್ತೆ,” ಅಂದರಂತೆ ಭಾವ. ನಾಚಿಕೆ ಅಲ್ಲಿಗೆ ಮುಗಿಯಿತು.

ಆದರೆ ಅವಳನ್ನು ಕುಟುಕಿದ್ದು ಅದಲ್ಲ. ಈ ತಟ್ಟುವ ಪದ್ಧತಿ ಭಾವನದಲ್ಲ ಅಂತ ಗೊತ್ತಾಯಿತಲ್ಲ, ಅದು. ಅದು ಅವರ ಮೊದಲ ಹೆಂಡತಿಯದು. ಜ್ವರ ಬಂದು ಹೋದಳು, ಪಾಪ. ಆಟೋ ಸ್ಟ್ಯಾಂಡಿನವರೆಲ್ಲ ಆಕೆಯನ್ನು ಟೀಚರಮ್ಮ ಅನ್ನುತ್ತಿದ್ದರು. ಪಾಠ ಮಾಡಿದವಳೇನಲ್ಲ. ಆಕೆ ಕತೆ ಹೇಳಲು ಕೂತರೆ ಗೆಸ್ಟುಗಳು ಕೈಕಟ್ಟಿ ಕೂರುತ್ತಿದ್ದರಂತೆ, ಅದಕ್ಕೆ. ಗುಂಡಕ್ಕ ಹೊಸದಾಗಿ ಹತ್ತಿದಾಗ ಸ್ಟ್ಯಾಂಡಿನ ಒಬ್ಬ ಹಿರಿಯ ಡ್ರೈವರು ಬೇಕಂತಲೇ ಕೇಳಿದ್ದ, “ಏನಮ್ಮ, ಟೀಚರಮ್ಮನ ಜಾಗಕ್ಕೆ ಬಂದೆಯಾ?”

“ಜಾಗ ಖಾಲಿ ಇತ್ತಲ್ಲ, ಬಂದೆ,” ಅಂದಿದ್ದಳು ಗುಂಡಕ್ಕ.

ಅಂದದ್ದೇನೋ ಹೌದು. ಆದರೆ ಟೀಚರಮ್ಮ ಕೂರುತ್ತಿದ್ದ ಎಡತುದಿಯಲ್ಲಿ ಅವಳು ಒಂದು ದಿನವೂ ಕೂರಲಿಲ್ಲ. ಹಟಕ್ಕೆ ಬಲತುದಿ ಹಿಡಿದಳು. ಬದುಕಿರುವ ಸವತಿಯಾದರೆ ಜುಟ್ಟು ಹಿಡಿಯಬಹುದು, ಸತ್ತವಳ ಜುಟ್ಟು ಎಲ್ಲಿ ಅಂತ ಹುಡುಕುವುದು? ಸತ್ತವಳಿಗೆ ವಯಸ್ಸಾಗುವುದಿಲ್ಲ. ಗೊರಕೆ ಬರುವುದಿಲ್ಲ. ಅಡುಗೆಗೆ ಉಪ್ಪು ಹೆಚ್ಚಾಗುವುದಿಲ್ಲ. ಗುಂಡಕ್ಕ ಏನು ಹೇಳಿದರೂ ಭಾವ “ಹೂಂ” ಅನ್ನುತ್ತಿದ್ದರು. ಚೆನ್ನಾಗಿದೆ ಅಂತ ಒಂದು ದಿನ, ಒಂದೇ ಒಂದು ದಿನ ಅಂದಿರಲಿಲ್ಲ.

ಇದೆಲ್ಲ ಸಹಿಸಿಕೊಂಡಳು. ತಡೆಯಲಾಗದ್ದು ಪಂಪ್‌ಹೌಸು.

ಕೆರೆ ಏರಿ ದಾಟಿದ ಮೇಲೆ ಒಂದು ಬೀಗ ಹಾಕಿದ ಪಂಪ್‌ಹೌಸಿದೆ. ಪಕ್ಕದಲ್ಲಿ ಒಂದು ನಲ್ಲಿ, ಹಿಂಬದಿಯ ನೆರಳಲ್ಲಿ ಒಂದು ಕಲ್ಲುಬೆಂಚು. ನೋಡುವುದಕ್ಕೆ ಅಲ್ಲಿ ಮಣ್ಣೂ ಇಲ್ಲ. ಟೀಚರಮ್ಮ ಮಧ್ಯಾಹ್ನ ಅಲ್ಲಿ ಕೂತು ಗಂಟಲಿಗೆ ರೆಸ್ಟ್ ಕೊಡುತ್ತಿದ್ದಳಂತೆ. ಗುಂಡಕ್ಕ ಅಲ್ಲಿ ತಟ್ಟುತ್ತಲೇ ಇರಲಿಲ್ಲ. ಆದರೂ ಆಟೋ ನಿಲ್ಲುತ್ತಿತ್ತು. ದಿನಾ.

“ಇಲ್ಲಿ ಯಾಕೆ ನಿಲ್ಲಿಸಿದ್ರಿ?”

“ನೀನೇ ತಟ್ಟಿದೆಯಲ್ಲ.”

“ನಾನು ತಟ್ಟಿಲ್ಲ.”

“ತಟ್ಟಿದ್ದಕ್ಕೇ ತಾನೇ ನಿಲ್ಲಿಸಿದ್ದು.”

ಸುಳ್ಳು, ಅಂದುಕೊಂಡಳು ಗುಂಡಕ್ಕ. ಸತ್ತವಳ ನೆನಪಿಗೆ ನಿಲ್ಲಿಸಿ, ನನ್ನ ಮೇಲೆ ಹಾಕುತ್ತಾರೆ. ಒಂದು ರಾತ್ರಿ ಮಾತಿಗೆ ಮಾತು ಬೆಳೆಯಿತು. “ನಾಳೆ ಅಲ್ಲಿ ಆಟೋ ನಿಂತರೆ ನಾನು ಅಮ್ಮನ ಮನೆಗೆ ಹೋಗ್ತೀನಿ. ನಿಮ್ಮ ಆಟೋನೂ ಬೇಡ, ನೀವೂ ಬೇಡ,” ಅಂದಳು. ಭಾವ ದಿಂಬು ತಿರುಗಿಸಿಕೊಂಡು ಮಲಗಿದರು. ಬಾಯಿಮಾತಿಗೆ ಅಂದದ್ದಲ್ಲ. ಬಟ್ಟೆಯ ಚೀಲ ತುಂಬಿ ಮಂಚದ ಕೆಳಗೆ ತಳ್ಳಿಟ್ಟಿದ್ದಳು.

ಬೆಳಿಗ್ಗೆ ಎದ್ದವಳೇ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಆ ಕಂಬಿಗೆ ತುದಿಯಿಂದ ತುದಿಗೆ ದಪ್ಪಗೆ ಸುತ್ತಿದಳು. ಉಂಗುರ ತೆಗೆದು ಪರ್ಸಿಗೆ ಹಾಕಿದಳು.

“ಇದೇನಿದು?” ಅಂದರು ಭಾವ.

“ಇವತ್ತಿಂದ ಕಂಬಿ ತಟ್ಟಲ್ಲ. ಹೆಂಡತಿ ನಾನು, ನಿಮ್ಮ ಭುಜ ತಟ್ತೀನಿ.”

“ಬ್ರೇಕ್ ಹಾಕುವಾಗ ಮುಟ್ಟಬೇಡ,” ಅಂದರಂತೆ ಭಾವ. ಅವರ ಸರಸ ಅಷ್ಟೇ.

ಅವತ್ತಿನ ಗೆಸ್ಟುಗಳು ವಯಸ್ಸಾದ ಗಂಡ ಹೆಂಡತಿ. ಗಿರಿಜಾ ಮೀಸೆಯ ಯಜಮಾನರು ಎಡಕ್ಕೆ, ಅವರ ಹೆಂಡತಿ ನಡುವೆ, ಗುಂಡಕ್ಕ ಬಲಕ್ಕೆ. ಹೊರಟಾಗಿನಿಂದ ಮೀಸೆಯವರದು ಒಂದೇ ರಗಳೆ. “ಸ್ವಲ್ಪ ಆ ಕಡೆ ಸರಿಯೇ. ಇಲ್ಲಿ ಕಾಲಿಡೋಕೂ ಜಾಗ ಇಲ್ಲ.”

“ಇನ್ನೆಲ್ಲಿಗೆ ಸರೀಲಿ? ಮೇಡಂ ಆಗಲೇ ಕಡ್ಡಿ ಥರ ಇದಾರೆ. ಸೀಟಲ್ಲ ಚಿಕ್ಕದು, ನಿಮ್ಮ ಹೊಟ್ಟೆ.”

“ಹೊಟ್ಟೆ ಮುಂದಕ್ಕಿದೆ ಕಣೇ. ಒತ್ತುತ್ತಿರೋದು ಪಕ್ಕದಿಂದ.”

ಗುಂಡಕ್ಕ ನಕ್ಕಳು. ಆಗ ನಗು ಬಂತು.

ಕೋಟೆ ಆಯಿತು. ಮ್ಯೂಸಿಯಂ ಆಯಿತು. ಕೆರೆ ಏರಿಯ ಮೇಲೆ ಗುಂಡಕ್ಕ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಗಂಡನ ಬೆನ್ನನ್ನೇ ನೋಡುತ್ತ ಕೂತಿದ್ದಳು. ಪಂಪ್‌ಹೌಸು ಕಾಣಿಸಿತು. ಹತ್ತಿರ ಬಂತು...

ಟಿಣ್. ಟಿಣ್.

ರಬ್ಬರಿನ ಮೇಲೆ ತಟ್ಟಿದರೆ ದುಬ್ ಅನ್ನಬೇಕು. ಇದು ಬರೀ ಕಬ್ಬಿಣದ ಸದ್ದು. ಎಡಗಡೆಯಿಂದ ಬಂತು. ಮೀಸೆಯವರು ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದಿದ್ದರು.

ಆಟೋ ನಿಂತಿತು. ಭಾವ ತಿರುಗಲಿಲ್ಲ.

ನೀವಾಗಿದ್ದರೆ ಹೆದರುತ್ತಿದ್ದಿರಿ. ಗುಂಡಕ್ಕನಿಗೆ ಮೊದಲು ಆದದ್ದು ಸಮಾಧಾನ... ಗಂಡ ಸುಳ್ಳು ಹೇಳಿರಲಿಲ್ಲ. ಅದರ ಬೆನ್ನಿಗೇ ಉರಿ. ಅಂದರೆ ಇವಳು ಹೋಗೇ ಇಲ್ಲ. ಇಷ್ಟು ದಿನ ನನ್ನ ಜೊತೆಯೇ ಕೂತು, ನಾನು ತಡವರಿಸಿದ್ದನ್ನೆಲ್ಲ ಕೇಳಿಸಿಕೊಂಡಿದ್ದಾಳೆ.

ಮೀಸೆಯವರು ಕಾಲು ಚಾಚಲು ಇಳಿದರು, ಅವರ ಹೆಂಡತಿ ನಲ್ಲಿಗೆ ಹೋದರು. ಗುಂಡಕ್ಕ ಬ್ಯಾಗನ್ನು ಸೀಟಿನಲ್ಲೇ ಬಿಟ್ಟು, ಸರಸರ ಪಂಪ್‌ಹೌಸಿನ ಹಿಂಬದಿಗೆ ನಡೆದಳು. ಕಲ್ಲುಬೆಂಚಿನ ನಟ್ಟನಡುವೆ, ಇನ್ನೊಬ್ಬರಿಗೆ ಜಾಗ ಉಳಿಯದ ಹಾಗೆ ಕೂತಳು. ಯಾರೂ ಇಲ್ಲ. ನೆರಳು. ನಲ್ಲಿಯಿಂದ ತೊಟ್... ತೊಟ್...

“ಕೇಳಿಸ್ತಿದೆಯಾ,” ಅಂದಳು ಪಿಸುದನಿಯಲ್ಲಿ. “ಅದು ಈಗ ನನ್ನ ಜಾಗ. ನನ್ನ ಗಂಡ. ಇಳಿದುಬಿಡು.”

ನಲ್ಲಿಯ ತೊಟ್ಟು ನಿಂತಿತು. ಅಷ್ಟೆ, ಬೇರೇನೂ ಆಗಲಿಲ್ಲ.

ಆಮೇಲೆ, ಗೋಡೆಯ ಆಚೆಯಿಂದ...

ಟಿಣ್. ಟಿಣ್. ಟಿಣ್.

ಎಲ್ಲರೂ ಹತ್ತಿದ್ದಾರೆ, ಹೊರಡು.

ಗುಂಡಕ್ಕ ಎದ್ದು ಗೋಡೆ ಸುತ್ತಿ ಬರುವುದರೊಳಗೆ ಆಟೋ ಗಡಗಡ ಅಂತ ಇಳಿಜಾರು ಹಿಡಿದಿತ್ತು. ಕೂಗಿದಳು. ಇಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು. ಧೂಳಿನಲ್ಲಿ ಹಿಂದಿನ ಸೀಟಿನ ತಲೆಗಳು ಕಂಡವು. ಮೀಸೆಯವರದು ನಡುವೆ. ಅವರ ಹೆಂಡತಿಯದು ಬಲಕ್ಕೆ, ತಾನು ಕೂರುವಲ್ಲಿ. ಎಡಕ್ಕೂ ಒಂದು ಇತ್ತು.

ವಾಪಸ್ ಬರುತ್ತಾರೆ ಅಂತ ಹೊತ್ತಿಳಿಯುವ ತನಕ ಅಲ್ಲೇ ಕಾದಳು. ದಾರಿಯಲ್ಲಿ ಒಂದು ಗಾಡಿಯೂ ಸಿಗಲಿಲ್ಲ. ನಡೆದಳು. ಆಮೇಲೆ ಬಾವಿ, ಆ ಟಿಣ್, ಓಡಿದ್ದು... ಅಷ್ಟು ಆಗಲೇ ಹೇಳಿದೆ.

ಮನೆಗೆ ಬಂದರೆ ಭಾವ ಆಟೋ ಒರೆಸುತ್ತಿದ್ದರು. ಸಿಳ್ಳೆ ಹಾಕುತ್ತಿದ್ದರು. ಅವರು ಸಿಳ್ಳೆ ಹಾಕುತ್ತಾರೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

“ಬಂದೆಯಾ? ಬ್ಯಾಗ್ ಬಿಟ್ಟು ಹೋಗಿದ್ದೀಯಲ್ಲ. ಅಂಗಡಿಯಲ್ಲಿ ಏನು ತಗೊಂಡೆ?”

“ಯಾವ ಅಂಗಡಿ?”

“ಸೇತುವೆ ದಾಟಿದ ಮೇಲೆ ಇಳಿದೆಯಲ್ಲ. ಎರಡು ಸಲ ತಟ್ಟಿದೆ, ನಿಲ್ಲಿಸಿದೆ. ಭುಜ ತಟ್ತೀನಿ ಅಂದವಳು, ಕೊನೆಗೆ ಕಂಬಿಗೇ ಬಂದೆ.”

“ನಾನು ಇಳಿದದ್ದು... ನೋಡಿದ್ರಾ?”

“ನೋಡೋದೇನು? ಗಾಡಿ ಹಗುರ ಆಯ್ತು.”

ಗುಂಡಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಪಂಪ್‌ಹೌಸಿನ ಹತ್ತಿರ ಹಗುರ ಆಗಲಿಲ್ವಾ?”

“ಅಲ್ಲಿ ಯಾಕೆ ಆಗುತ್ತೆ?” ಭಾವ ಬಟ್ಟೆ ಹಿಂಡಿ ಹರವಿದರು. ಆಮೇಲೆ, ಅವಳ ಮುಖ ನೋಡದೆ ಮೆಲ್ಲಗೆ ಅಂದರು, “ಗಡಿಯಾರ ಗೋಪುರದ ಹತ್ತಿರ ಇವತ್ತು ನೀನು ಹೇಳಿದ್ದು ಅಲ್ಲಲ್ಲಿ ಕಿವಿಗೆ ಬಿತ್ತು. ಚೆನ್ನಾಗಿತ್ತು. ತುಂಬ... ಚೆನ್ನಾಗಿತ್ತು.”

ನಾಲಿಗೆ ತುದಿಗೆ ಬಂದಿತ್ತಂತೆ ಅವಳಿಗೆ. ಅದು ನಾನಲ್ಲ ರೀ, ಅಂತ. ಅಂದರೆ ಏನಾಗುತ್ತದೆ? ಇವರು ನಾಳೆಯಿಂದ ಕನ್ನಡಿಯನ್ನು ಒಳಕ್ಕೆ ತಿರುಗಿಸುತ್ತಾರೆ. ಎಡಕ್ಕೆ. ಇನ್ನು ತಾನು ಚೀಲ ಹಿಡಿದು ಅಮ್ಮನ ಮನೆಗೆ ಹೋದರೆ, ಬಲಗಡೆಯ ಸೀಟೂ ಟೀಚರಮ್ಮನದೇ.

“ಹೂಂ,” ಅಂದಳು ಗುಂಡಕ್ಕ. “ಚೆನ್ನಾಗಿ ತಯಾರಿ ಮಾಡ್ಕೊಂಡಿದ್ದೆ.” ಒಳಗೆ ಹೋಗಿ ಮಂಚದ ಕೆಳಗಿನ ಚೀಲ ಎಳೆದು ಬಟ್ಟೆಗಳನ್ನೆಲ್ಲ ವಾಪಸ್ ಕಪಾಟಿಗೆ ಜೋಡಿಸಿದಳು.

ಮಾರನೆಯ ಬೆಳಿಗ್ಗೆ ಲಾಡ್ಜಿನ ಬಾಗಿಲಲ್ಲಿ ಆ ಮೀಸೆಯವರ ಹೆಂಡತಿ ಸಿಕ್ಕರು. ಭಾವ ಆಚೆ ಇಂಜಿನ್ ಬಿಸಿ ಮಾಡುತ್ತಿದ್ದರು.

“ನಿನ್ನೆ ಮಧ್ಯಾಹ್ನದ ಮೇಲೆ ನಿಮ್ಮ ಬದಲು ಬಂದರಲ್ಲ, ಅವರು ನಿಮ್ಮ ಅಕ್ಕನೇನಮ್ಮ?”

ಗುಂಡಕ್ಕ ಗಂಡನ ಕಡೆ ಒಮ್ಮೆ ನೋಡಿದಳು. “ಸಂಬಂಧದಲ್ಲಿ ಹಾಗೇ ಆಗಬೇಕು.”

“ಎಷ್ಟು ಚೆಂದ ಹೇಳ್ತಾರೆ. ಎದ್ದು ಬರೋಕೇ ಮನಸ್ಸಾಗಲಿಲ್ಲ. ನಿಮ್ಮ ವಿಷಯಾನೂ ಬಂತು ಅನ್ನಿ.”

“ಏನಂದ್ರು?”

“ಪಾಪ, ಕಲೀತಿದಾಳೆ, ಬರುತ್ತೆ, ಅಂದ್ರು.”

ಇದನ್ನು ನನಗೆ ಹೇಳುವಾಗ ಗುಂಡಕ್ಕನ ದನಿ ನಡುಗುತ್ತಿತ್ತು. ಹೆದರಿಕೆಯಿಂದ ಅಂದುಕೊಂಡಿರಾ? ಬಾವಿಯ ಹತ್ತಿರದ್ದನ್ನು ನಗುತ್ತಲೇ ಹೇಳಿದ್ದಳು. ಆ ‘ಪಾಪ’ಕ್ಕೆ ಮಾತ್ರ ಇವತ್ತಿಗೂ ಕ್ಷಮೆ ಇಲ್ಲ.

ಈಗಲೂ ಇಬ್ಬರೂ ಊರು ತೋರಿಸುತ್ತಾರೆ. ಭಾವನಿಗೆ ಏನೂ ಗೊತ್ತಿಲ್ಲ, ನೀವೂ ಹೇಳಬೇಡಿ. ಪಂಪ್‌ಹೌಸು ದೂರದಲ್ಲಿ ಕಂಡ ಕೂಡಲೇ ಗುಂಡಕ್ಕ ತಾನೇ ಗಂಡನ ಭುಜ ತಟ್ಟಿ ನಿಲ್ಲಿಸುತ್ತಾಳೆ, ಇನ್ನೊಬ್ಬರು ತಟ್ಟುವ ಮೊದಲು. ಗೆಸ್ಟುಗಳು ಇಳಿಯುತ್ತಾರೆ. ಅವಳು ಇಳಿಯುವುದಿಲ್ಲ. ಬಿಸಿಲು ಎಷ್ಟೇ ಇರಲಿ, ಗಂಟಲು ಎಷ್ಟೇ ಒಣಗಲಿ, ಸೀಟು ಬಿಟ್ಟು ಕದಲುವುದಿಲ್ಲ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಹೋದ ತಿಂಗಳು ನಾನು ಆ ಆಟೋದಲ್ಲಿ ಕೂತಿದ್ದೆ. ಕಂಬಿಗೆ ಸುತ್ತಿದ ರಬ್ಬರು ಇನ್ನೂ ಇದೆ, ಗಟ್ಟಿಯಾಗಿದೆ. ಗುಂಡಕ್ಕ ಕೂರುವುದು ಬಲತುದಿಗೆ, ಅವಳ ಕೈ ಎಡತುದಿಗೆ ಎಟುಕುವುದಿಲ್ಲ. ಎಡಗಡೆ ಮಾತ್ರ ಒಂದು ಕಡೆ ರಬ್ಬರು ಸವೆದು ತೂತಾಗಿದೆ. ಗೆಸ್ಟುಗಳು ಹಿಡಿದುಕೊಳ್ಳುತ್ತಾರಲ್ಲ, ಅದಕ್ಕೆ ಅನ್ನುತ್ತಾರೆ ಭಾವ. ಹಿಡಿದರೆ ಅಂಗೈ ಅಗಲಕ್ಕೆ ಸವೆಯಬೇಕಿತ್ತು. ನಾನೇ ಬೆರಳಿಟ್ಟು ನೋಡಿದ್ದೇನೆ. ಉಂಗುರದಷ್ಟೇ ಜಾಗ... ಒಳಗಿನ ಕಬ್ಬಿಣ ಹೊಳೆಯುತ್ತಿತ್ತು.