ಉತ್ತರಕ್ಕೆ ತಿರುಗಿದ ಕಾರು

"ಹಲೋ… ಹಲೋ, ಯಾರು ಮಾತಾಡ್ತಿರೋದು?"

…

"ಹಲೋ? ಯಾರ್ರೀ ಇದು? ಈ ಫೋನು ನಿಮ್ಮ ಕೈಗೆ ಹೇಗೆ ಬಂತು?"

ಸಿಯಾಟಲ್ ಪಕ್ಕದ ಶೋರ್‌ಲೈನ್‌ನ ಹೈಸ್ಕೂಲೊಂದರ ಪಾರ್ಕಿಂಗ್ ಲಾಟಿನಲ್ಲಿ, ಕಾರಿನಿಂದ ಒಂದು ಕಾಲು ಹೊರಗಿಟ್ಟಿದ್ದ ರವಿಕಿರಣ ಹಾಗೆಯೇ ಕೂತುಬಿಟ್ಟ. ಶನಿವಾರ ಬೆಳಗಿನ ಹತ್ತು ಗಂಟೆ. ಮೊಬೈಲಿನ ಮೇಲೆ ಮೂಡಿದ್ದ ಹೆಸರು ಗಗನ್. ಆ ಹುಡುಗ ತೀರಿಕೊಂಡು ಬರುವ ವಾರಕ್ಕೆ ಒಂದು ವರ್ಷ.

…

"ಹಾಂ… ಹಾಂ, ಸುಮಿತ್ರಕ್ಕ ಅಲ್ವಾ? ನೀವೇನಾ? … ಅಯ್ಯೋ, ತಪ್ಪು ತಿಳ್ಕೋಬೇಡಿ ಅಕ್ಕಾ. ಅವನ ಹೆಸರು ಬಂತಲ್ಲ, ಕೈಕಾಲೇ ಆಡ್ಲಿಲ್ಲ ನನಗೆ. ಹೇಳಿ. ಹೇಗಿದೀರಾ? ಸರ್ ಹೇಗಿದಾರೆ?"

…

"ಇಲ್ಲ, ಇಲ್ಲ, ಮಾತಾಡ್ಬಹುದು. ಒಳಗೆ ಹುಡುಗರು ಕೈ ಬಿಸಿ ಮಾಡ್ಕೊಳ್ತಿದಾರೆ. ಇನ್ನೂ ಟೈಮಿದೆ."

…

"ಓ. ನೋಡಿದ್ರಾ? … ಹೌದು, ನಿನ್ನೆ ಹಾಕಿದ್ರು ವೆಬ್‌ಸೈಟ್‌ನಲ್ಲಿ. … ನಿಜ ಅಕ್ಕಾ. ಇಲ್ಲಿ ಇದೇ ನನ್ನ ಕೊನೇ ಪ್ರಾಕ್ಟೀಸ್ ಕ್ಯಾಂಪು. ಜನವರಿಯಿಂದ ಕ್ಯಾಲಿಫೋರ್ನಿಯಾ."

ಸುಮಿತ್ರಮ್ಮ ಗಗನನ ತಾಯಿ. ಟೋಟೆಮ್ ಲೇಕ್‌ನ ಅಪಾರ್ಟ್‌ಮೆಂಟಿನಲ್ಲಿ ಗಂಡ ಮಂಜುನಾಥನ ಜೊತೆ ಇರುತ್ತಾಳೆ. ಮಗ ಮೂರು ವರ್ಷ 'ಗ್ರೇ ಹೆರನ್ಸ್'ನಲ್ಲಿದ್ದ. ಅದೊಂದು ಡ್ರಮ್ ಕೋರ್. ಇಪ್ಪತ್ತೊಂದು ದಾಟದ ನೂರೈವತ್ತು ಹುಡುಗ ಹುಡುಗಿಯರು ಕಹಳೆ, ಡ್ರಮ್ಮು ಹೊತ್ತು, ಬೇಸಿಗೆಯಿಡೀ ಬಸ್ಸಿನಲ್ಲಿ ಊರೂರು ಸುತ್ತಿ, ಫುಟ್‌ಬಾಲ್ ಮೈದಾನಗಳಲ್ಲಿ ಹೆಜ್ಜೆ ಹಾಕುತ್ತ ನುಡಿಸಿ ಸ್ಪರ್ಧಿಸುವ ದಂಡು. ಬೇಸಿಗೆ ಕಳೆದರೆ ಮೇಷ್ಟ್ರುಗಳು ಒಂದು ಕೋರ್ ಬಿಟ್ಟು ಇನ್ನೊಂದಕ್ಕೆ ಹೋಗುವುದು, ಅವರ ಬೆನ್ನು ಹಿಡಿದು ಹುಡುಗರೂ ಹೋಗುವುದು ಅಲ್ಲಿ ಮಾಮೂಲು. ಗದಗದ ರವಿಕಿರಣ ಓದಲು ಬಂದ ಕಾಲೇಜಿನಲ್ಲಿ ಹಿಡಿದ ಡ್ರಮ್ಮಿನ ಕೋಲನ್ನು ಆಮೇಲೆ ಕೆಳಗಿಟ್ಟಿರಲಿಲ್ಲ. ವಾರವೆಲ್ಲ ಸಾಫ್ಟ್‌ವೇರ್ ಕೆಲಸ ಮಾಡಿ, ಶನಿವಾರ ಭಾನುವಾರ ಹೆರನ್ಸ್‌ನ ಸ್ನೇರ್ ಡ್ರಮ್, ಅಂದರೆ ಹೆಗಲಿಗೆ ಹಾಕಿಕೊಂಡು ಬಾರಿಸುವ ಚಿಕ್ಕ ಡ್ರಮ್ಮುಗಳ ಸಾಲನ್ನು ತಿದ್ದುತ್ತ ಒಂಬತ್ತು ವರ್ಷ ಕಳೆದಿದ್ದ.

…

"ಯಾವ ಕೋರ್ ಅಂದ್ರೆ… ನೋಡಿರ್ತೀರಲ್ಲ ಅಕ್ಕಾ. … ಹಾಂ. ಅದೇ. ಗೋಲ್ಡ್ ಲ್ಯಾಂಟರ್ನ್ಸ್. ಗಗನ್ ಹೊರಟಿದ್ದು ಅಲ್ಲಿಗೇ, ಹೌದು. … ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅವರೇ ಕರೆದ್ರು. ನಾನೇನೂ ಹುಡುಕ್ಕೊಂಡು ಹೋಗ್ಲಿಲ್ಲ."

ಅದು ಅರ್ಧ ಸತ್ಯ. ಅವರು ಕರೆದದ್ದು ಹೌದು. ಆದರೆ ಕರೆಯದಿದ್ದರೂ ಅವನು ಹೆರನ್ಸ್ ಬಿಡುತ್ತಿದ್ದ. ಕಳೆದ ಬೇಸಿಗೆ ಅವನ ಸಾಲಿನಲ್ಲಿ ಇದ್ದದ್ದು ಒಂಬತ್ತು ಸ್ನೇರ್ ಡ್ರಮ್. ಒಂಬತ್ತೂ ಒಂದೇ ಏಟಿಗೆ ಬಿದ್ದಾಗಲೂ ಅವನ ಕಿವಿಗೆ ಹತ್ತನೆಯದು ಕೇಳುತ್ತಿತ್ತು, ಕೂದಲೆಳೆಯಷ್ಟು ತಡವಾಗಿ, ಎಡಗೈಯಲ್ಲಿ. ಎಡಗೈಯಲ್ಲಿ ಕೂದಲೆಳೆ ತಡವಾಗುತ್ತಿದ್ದವನು ಗಗನ್. ಜುಲೈ ತಿಂಗಳ ಒಂದು ಮಧ್ಯಾಹ್ನ ಸಾಲನ್ನೇ ನಿಲ್ಲಿಸಿ, ಒಬ್ಬೊಬ್ಬರಿಗೇ ಬಾರಿಸಲು ಹೇಳಿ, ಎಲ್ಲರದೂ ಸರಿಯಿದ್ದುದನ್ನು ಕಂಡು ಬೆವೆತು ಹೋಗಿದ್ದ. ಮತ್ತೆ ಒಟ್ಟಿಗೆ ಬಾರಿಸಿದಾಗ ಮತ್ತೆ ಕೇಳಿತ್ತು.

…

"ಫೋನ್ ಓಪನ್ ಆಯ್ತಾ? … ಯಾವಾಗ? … ಪ್ರತಿಭಾ ಬಂದಿದಾಳಾ? ಅಕ್ಕ ತಾನೇ ಅವಳು, ತಮ್ಮನ ಫೋನಿನ ಲಾಕ್ ನಂಬರು ಗೊತ್ತಿರ್ಬೇಕು. … ಹಾಂ. … ಒಂದು ವರ್ಷ ಹಾಗೇ ಚಾರ್ಜ್ ಮಾಡಿ ಇಟ್ಟಿದ್ರಾ ಅಕ್ಕಾ?"

…

"ಕಾಲ್ ಲಿಸ್ಟಾ?"

ಅವನು ಹೊರಗಿದ್ದ ಕಾಲನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡ. ಗಾಜಿನಾಚೆ ಸ್ಕೂಲಿನ ಜಿಮ್ಮಿನ ಬಾಗಿಲು ತೆರೆದಿತ್ತು. ಡ್ರಮ್ಮಿನ ಸದ್ದು ಈಗ ದೂರದಲ್ಲೆಲ್ಲೋ ಗೋಡೆ ಬಡಿಯುವಂತೆ ಕೇಳುತ್ತಿತ್ತು.

…

"ಹೌದು, ನಿಮ್ಮ ಮನೆಗೆ ಬಂದಾಗ ನೀವು ಕೇಳಿದ್ರಿ. … ಆಡಿಷನ್ ಆದ್ಮೇಲೆ ಅವನ ಹತ್ರ ಮಾತಾಡಿಲ್ಲ ಅಂದಿದ್ದೆ. … ಅಂದಿದ್ದೆ ಅಕ್ಕಾ. ನೆನಪಿದೆ."

…

"ಆವತ್ತು ಮಧ್ಯಾಹ್ನ ಒಂದೂ ಹತ್ತಕ್ಕೆ. … ಎಷ್ಟು ನಿಮಿಷ ಅಂತಿದೆ? ಆರಾ? … ಸರಿಯಾಗೇ ತೋರಿಸ್ತಿದೆ ಅಕ್ಕಾ. ನಾನೇ ಮಾಡಿದ್ದು."

ಹೋದ ವರ್ಷ ನವೆಂಬರಿನಲ್ಲಿ ಆರಿಗಾನ್‌ನ ಕೋರ್ ಒಂದು ಮುಚ್ಚಿಹೋಗಿ, ಅಲ್ಲಿನ ನಾಲ್ವರು ಸ್ನೇರ್ ಹುಡುಗರು ಶೋರ್‌ಲೈನ್‌ಗೆ ಆಡಿಷನ್‌ಗೆ ಬಂದರು. ಕೈ ಚುರುಕಾಗಿದ್ದವರು. ಸಾಲಿನಲ್ಲಿದ್ದದ್ದು ಹತ್ತೇ ಜಾಗ. ರವಿಕಿರಣ ನಾಲ್ವರನ್ನೂ ತೆಗೆದುಕೊಂಡ, ಗಗನನನ್ನು ಬಿಟ್ಟ. ಗಗನನಿಗೆ ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ವರ್ಷ. ಮುಂದಿನ ಶುಕ್ರವಾರ ಬೆಳಿಗ್ಗೆ ಆರಕ್ಕೆ ಅವನು ಕ್ಯಾಲಿಫೋರ್ನಿಯಾದ ಆಡಿಷನ್‌ಗೆಂದು ಒಬ್ಬನೇ ಕಾರು ಹತ್ತಿದ. ಮಧ್ಯಾಹ್ನ ಎರಡೂಕಾಲಿಗೆ ಆರಿಗಾನ್‌ನ ಬೆಟ್ಟದ ದಾರಿಯಲ್ಲಿ, ಬಿಸಿಲು ಕಾಣದ ಒಂದು ತಿರುವಿನ ಮಂಜುಗಡ್ಡೆಯ ಮೇಲೆ ಕಾರು ಜಾರಿತು. ವೇಗ ಹೆಚ್ಚಿತ್ತು ಎಂದರು ಪೊಲೀಸರು. ಆದರೆ ದಕ್ಷಿಣಕ್ಕೆ ಹೊರಟಿದ್ದವನ ಕಾರು ಬಿದ್ದಿದ್ದು ಉತ್ತರಕ್ಕೆ ಬರುವ ರಸ್ತೆಯಲ್ಲಿ. ಯಾಕೆ ತಿರುಗಿದ ಎನ್ನುವುದು ಮಾತ್ರ ಪೊಲೀಸರಿಗೆ ತಿಳಿಯಲಿಲ್ಲ.

…

"ನೀವು ಆವತ್ತು ಹೇಳಿದ್ರಲ್ಲ ಅಕ್ಕಾ. ಬೆಳಿಗ್ಗೆ ಜಗಳ ಆಗಿತ್ತು, ಹೋಗೋದಾದ್ರೆ ಹಿಂದೆ ತಿರುಗಿ ನೋಡ್ಬೇಡ ಅಂದ್ಬಿಟ್ಟೆ, ಆಮೇಲೆ ಮನಸ್ಸು ತಡೀದೆ 'ಬಂದ್ಬಿಡು ಮಗನೇ' ಅಂತ ಮೆಸೇಜ್ ಹಾಕ್ದೆ, ಅದನ್ನ ನೋಡಿ ತಿರುಗಿಸ್ದ ಅಂತ. … ಹಾಂ. ನೀವು ಹಾಗೆ ಅಂತಿದ್ರೆ ನಾನು ಬಾಯಿ ಬಿಡೋದು ಹೇಗೆ? ಅದೊಂದಾದ್ರೂ ನಿಮಗಿರ್ಲಿ ಅನ್ನಿಸ್ತು. … ಸುಳ್ಳಲ್ಲ ಅಕ್ಕಾ, ನಿಜವಾಗ್ಲೂ ಅನ್ನಿಸ್ತು."

…

"ಏನಂದ್ರಿ?"

…

"ಓದೇ ಇಲ್ವಾ?"

…

"ಓದಿಲ್ಲ ಅಂತ ತೋರಿಸೋ ನೀಲಿ ಚುಕ್ಕೆ ಹಾಗೇ ಇದೆಯಾ… ನಿಮ್ಮ ಮೆಸೇಜ್ ಮುಂದೆ?"

ಒಂದು ವರ್ಷದಿಂದ ಅವನು ತನ್ನ ಮೌನಕ್ಕೆ ಕೊಟ್ಟುಕೊಂಡಿದ್ದ ಹೆಸರು ದಯೆ. ಒಬ್ಬ ತಾಯಿಗೆ ಉಳಿದಿರುವ ಒಂದೇ ಸಮಾಧಾನವನ್ನು ಕಿತ್ತುಕೊಳ್ಳಬಾರದು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಈಗ ಆ ಸಮಾಧಾನವನ್ನು ಒಂದು ಚುಕ್ಕೆ ಕಿತ್ತುಕೊಂಡಿತ್ತು. ಬಚ್ಚಿಟ್ಟುಕೊಳ್ಳಲು ಅವನಿಗೆ ಇನ್ನು ಮರೆಯಿರಲಿಲ್ಲ.

…

"ಹೇಳ್ತೀನಿ. … ಹೇಳ್ತೀನ್ರೀ ಅಕ್ಕಾ, ಅಳಬ್ಯಾಡ್ರಿ."

ಇಪ್ಪತ್ತು ವರ್ಷದಲ್ಲಿ ಬೆಂಗಳೂರೂ ಸಿಯಾಟಲ್ಲೂ ಸೇರಿ ಅಳಿಸಿದ್ದ ಊರಿನ ಮಾತು ತಾನಾಗಿ ಬಾಯಿಗೆ ಬಂದಿತ್ತು.

"ಆ ಶುಕ್ರವಾರ ಮಧ್ಯಾಹ್ನ ಆ ನಾಲ್ಕು ಹುಡುಗರಲ್ಲಿ ಒಬ್ಬ ಕೈ ಎತ್ತಿದ. ಟೆಕ್ಸಾಸ್‌ನ ಕೋರ್ ಕರೀತು, ಹೋಗ್ತೀನಿ ಅಂದ. ಸಂಜೆ ಕ್ಯಾಂಪು, ಸಾಲಿನಾಗ ಒಂದು ಜಾಗ ಖಾಲಿ. ನಾ ಗಗನ್‌ಗೆ ಫೋನ್ ಹಚ್ಚಿದೆ. ಜಾಗ ನಿಂದೇ, ವಾಪಸ್ ಬಾ ಅಂದೆ."

…

"ಹೌದ್ರೀ. ಅವ ತಿರುಗಿದ್ದು ಅದಕ್ಕ."

…

"ಎಲ್ಲಿದೀಯ ಅಂತ ಕೇಳಿದೆ. ಕೇಳ್ಲಿಲ್ಲ ಅಂತಲ್ಲ. ಗ್ರಾಂಟ್ಸ್ ಪಾಸ್, ಪೆಟ್ರೋಲ್ ಹಾಕಿಸ್ತಿದೀನಿ ಅಂದ. … ಆರಿಗಾನ್ ದಕ್ಷಿಣದ ತುದಿ ಅಕ್ಕಾ. ಅಲ್ಲಿಂದ ಇಲ್ಲಿಗೆ ಏಳು ತಾಸಿನ ದಾರಿ. ನನಗೆ ಗೊತ್ತಿತ್ತು."

…

"ಇನ್ನೊಂದಿದೆ. ಅದನ್ನೂ ಕೇಳಿಸ್ಕೊಳ್ಳಿ. … ಎಂಟಕ್ಕೆ ಡ್ರಮ್ ಹೆಗಲಿಗೆ ಹಾಕಿ ಸಾಲಿನಲ್ಲಿ ನಿಂತಿರ್ಬೇಕು ಅಂದೆ. ತಡ ಆದ್ರೆ ಮುಂದಿನವರಿಗೆ ಕೊಟ್ಟುಬಿಡ್ತೀನಿ ಅಂದೆ."

…

"ಇಲ್ಲ."

…

"ಮುಂದಿನವರು ಅಂತ ಯಾರೂ ಇರ್ಲಿಲ್ಲ ಅಕ್ಕಾ. ಸುಮ್ನೆ ಅಂದೆ. ನಾವು ಮೇಷ್ಟ್ರುಗಳು ಹಾಗೇ ಮಾತಾಡೋದು. ಹುಡುಗರು ಓಡ್ಲಿ ಅಂತ. … ಒಂಬತ್ತು ವರ್ಷದಲ್ಲಿ ನೂರು ಸಲ ಅಂದಿರ್ತೀನಿ. ಬೆಳಿಗ್ಗೆ ಬಂದಿದ್ರೂ ನಡೀತಿತ್ತು. ಮಾರನೇ ವಾರ ಬಂದಿದ್ರೂ ನಡೀತಿತ್ತು."

ಹೇಳಿ ಮುಗಿಸಿದ ಮೇಲೆ ಹಗುರವಾಗಬಹುದು ಎಂದುಕೊಂಡಿದ್ದ. ಹಾಗೇನೂ ಆಗಲಿಲ್ಲ. ಆ ಮಾತನ್ನು ಅವನು ಮನಸ್ಸಿನಲ್ಲಿ ಎಷ್ಟೋ ಸಲ ಆಡಿದ್ದ, ಆದರೆ ತನ್ನದೇ ದನಿಯಲ್ಲಿ ಕಿವಿಗೆ ಬಿದ್ದದ್ದು ಇದೇ ಮೊದಲು.

…

"ಹಲೋ? ಅಕ್ಕಾ, ಇದೀರಾ?"

…

"ಹಾಂ… ಖುಷಿಯಾಗಿದ್ನಾ ಅಂದ್ರೆ… ಹೌದು. ಕಿರುಚಿದ. ನಿಜವಾಗ್ಲೂ ಕಿರುಚಿದ, ಫೋನ್ ದೂರ ಹಿಡ್ಕೊಂಡೆ ನಾನು. ಆಮೇಲೆ ಕನ್ನಡದಲ್ಲಿ 'ಬಂದೆ ಸರ್' ಅಂದ. ಯಾವಾಗ್ಲೂ ಇಂಗ್ಲಿಷೇ ಅಲ್ವಾ ಅವನು? ಆವತ್ತು ಕನ್ನಡದಲ್ಲಿ ಅಂದ."

…

"ನಿಮ್ಮ ಬಗ್ಗೆನಾ?"

ಅವನು ಕಣ್ಣು ಮುಚ್ಚಿದ. ಒಂದೇ ಒಂದು ಮಾತು ಸಾಕಿತ್ತು. ಮೊದಲು ಮನೆಗೆ ಹೋಗಿ ಅಮ್ಮನನ್ನು ನೋಡಿಕೊಂಡು ಬರ್ತೀನಿ ಅಂದಿದ್ದ ಎಂದುಬಿಟ್ಟರೆ ಯಾರು ಇಲ್ಲವೆನ್ನುತ್ತಾರೆ? ಅವಳು ಅದನ್ನು ಹಿಡಿದುಕೊಂಡು ಉಳಿದ ಆಯುಷ್ಯ ಕಳೆದುಬಿಡುತ್ತಾಳೆ. ನಾಲಿಗೆಯ ತುದಿಯವರೆಗೆ ಬಂದ ಮಾತನ್ನು ಅವನು ನುಂಗಿಕೊಂಡ.

"ಇಲ್ಲ ಅಕ್ಕಾ. ನಿಮ್ಮ ಬಗ್ಗೆ ಏನೂ ಅನ್ಲಿಲ್ಲ. … ಕ್ಯಾಂಪಿನ ಮಾತೇ ಆಡಿದ್ವಿ ಆರು ನಿಮಿಷಾನೂ. ಯಾವ ಡ್ರಮ್ಮು, ಯಾರ ಪಕ್ಕ ನಿಲ್ಬೇಕು, ಅಷ್ಟೇ."

…

"ಬೈರಿ ಅಕ್ಕಾ. ಬೈದ್ಬಿಡ್ರಿ. ಹಿಂಗ ಸುಮ್ಮನಿರಬ್ಯಾಡ್ರಿ."

…

"ಸರ್‌ಗೂ ಹೇಳ್ಬೇಕಾ? … ಯಾಕೆ, ಅವರು…"

…

"ಅಯ್ಯೋ. … ನನಗೆ ಗೊತ್ತಿರ್ಲಿಲ್ಲ. … ಒಂದು ವರ್ಷದಿಂದಾನಾ? ನಿನ್ನ ಮೆಸೇಜೇ ಅವನನ್ನ ತಿರುಗಿಸಿ ಕೊಂದಿದ್ದು ಅಂತಾನಾ? … ನೀವು ಸುಮ್ನೆ ಕೇಳಿಸ್ಕೊಂಡಿದ್ರಾ ಅದನ್ನ?"

ಅವಳು ಅದನ್ನು ಸಮಾಧಾನವೆಂದು ಎದೆಗವಚಿಕೊಂಡಿದ್ದಳು. ಗಂಡ ಅದನ್ನೇ ತೆಗೆದು ದಿನವೂ ಅವಳಿಗೆ ಚುಚ್ಚಿದ್ದ. ಮಗ ತನಗಾಗಿ ತಿರುಗಿದ ಎನ್ನಬೇಕಾದರೆ ಮಗನನ್ನು ಕೊಂದವಳೂ ತಾನೇ ಎಂದು ಒಪ್ಪಬೇಕು. ಒಪ್ಪಿಕೊಂಡೇ ಒಂದು ವರ್ಷ ಅಡುಗೆ ಮಾಡಿ ಬಡಿಸಿದ್ದಳು. ರವಿಕಿರಣ ದಯೆ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದಾಗ, ಇಪ್ಪತ್ತು ನಿಮಿಷದ ದಾರಿಯಲ್ಲಿ ಅವನ ತಪ್ಪಿಗೆ ಇನ್ನೊಬ್ಬಳು ಶಿಕ್ಷೆ ಅನುಭವಿಸುತ್ತಿದ್ದಳು.

…

"ಕೊಡಿ. … ಈಗ್ಲೇ ಕೊಡಿ ಅಕ್ಕಾ. ಅವರಿಗೂ ಹೇಳ್ತೀನಿ."

ಫೋನು ಕೈ ಬದಲಾಯಿಸುವ ಸದ್ದು, ಕುರ್ಚಿ ಎಳೆದ ಸದ್ದು, ಆಮೇಲೆ ಭಾರವಾದ ಉಸಿರು. ಜಿಮ್ಮಿನಿಂದ ಹುಡುಗಿಯೊಬ್ಬಳು ಹೊರಗೆ ಬಂದು ಅವನ ಕಾರಿನತ್ತ ಕೈ ಬೀಸಿದಳು. ಸಾಲು ಸಿದ್ಧವಾಗಿತ್ತು. ಅವನು ಕೈಯೆತ್ತಿ ತಡೆದ.

"ಹಲೋ… ಮಂಜುನಾಥ ಸರ್? ನಾನು ರವಿಕಿರಣ, ಗಗನ್‌ಗೆ ಡ್ರಮ್ ಹೇಳ್ಕೊಡ್ತಿದ್ದೋನು. … ಒಂದು ನಿಮಿಷ ಕೇಳಿ ಸರ್. ಅವನು ಅಮ್ಮನ ಮೆಸೇಜ್ ನೋಡೇ ಇಲ್ಲ. ಅವನನ್ನ ತಿರುಗಿಸಿದ್ದು ನಾನು. ಜಾಗ ಇದೆ, ಎಂಟರೊಳಗೆ ಬಾ, ಇಲ್ಲಾಂದ್ರೆ ಹೋಯ್ತು ಅಂತ ಹೆದರಿಸಿ ಓಡಿಸಿದ್ದು ನಾನು. ಸುಮಿತ್ರಕ್ಕಂದು ಏನೂ ಇಲ್ಲ ಸರ್ ಇದರಲ್ಲಿ. ಒಂದು ಎಳ್ಳುಕಾಳಿನಷ್ಟೂ ಇಲ್ಲ."

…

"ಹೌದು ಸರ್. ಮುಚ್ಚಿಟ್ಟಿದ್ದೆ."

…

"ಚೆನ್ನಾಗಿ ಬಾರಿಸ್ತಿದ್ನಾ ಅಂತಾನಾ? … ಹೂಂ ಸರ್. ಚೆನ್ನಾಗೇ ಬಾರಿಸ್ತಿದ್ದ. ನೀವು ಒಂದು ಸಲಾನೂ ಬಂದಿಲ್ಲ ಅಲ್ವಾ ನೋಡೋಕೆ? … ಅಯ್ಯೋ, ನಾನು ಹಾಗಂದಿದ್ದಲ್ಲ. ಅಳ್ಬೇಡಿ ಸರ್."

…

"ಅವನಿಗಿಂತ ಚೆನ್ನಾಗಿ ಬಾರಿಸೋರು ನಾಲ್ಕು ಜನ ಬಂದಿದ್ರು. ಅದಕ್ಕೇ ಬಿಟ್ಟೆ. ಬೇರೇನೂ ಇಲ್ಲ."

…

"ಹಾಂ?"

…

"ಆ ನಾಲ್ಕು ಜನಾನಾ? ಈಗ…"

ಗಾಜಿನ ಮೇಲೆ ಹನಿ ಬೀಳತೊಡಗಿದ್ದವು. ತೆರೆದ ಬಾಗಿಲಲ್ಲಿ ನಿಂತಿದ್ದ ಹುಡುಗಿ ಒಳಗೆ ಹೋಗಿಬಿಟ್ಟಿದ್ದಳು.

"ಒಬ್ಬ ಆವತ್ತೇ ಟೆಕ್ಸಾಸ್‌ಗೆ ಹೋದ, ಅದಕ್ಕೇ ಜಾಗ ಖಾಲಿಯಾಗಿದ್ದು. ಇನ್ನೊಬ್ಬ ವಿಸ್ಕಾನ್ಸಿನ್ ಕಡೆ ಸೇರ್ಕೊಂಡ ಈ ಸಲ. … ಉಳಿದ ಇಬ್ರು… ಇಬ್ರೂ ನನ್ನ ಜೊತೆ ಕ್ಯಾಲಿಫೋರ್ನಿಯಾಗೆ ಬರ್ತಿದಾರೆ ಸರ್."

…

"ಇಲ್ಲ. ಇಲ್ಲಿ ಯಾರೂ ಉಳಿಯಲ್ಲ."

…

"ನಾನಾ? ನಾನು ಯಾಕೆ ಹೋಗ್ತಿದೀನಿ ಅಂದ್ರೆ… ಸರ್, ಅದು… ಅಲ್ಲಿ ಆ ಹತ್ತನೇ ಡ್ರಮ್ಮು ಕೇಳಿಸಲ್ಲ ಅನ್ಕೊಂಡೆ. … ಹಲೋ? … ಸರ್? … ಅಕ್ಕಾ? … ಹಲೋ?"

ಲೈನು ಕಟ್ಟಾಗಿತ್ತು.